ಈಟಿಗೆ ಬೆದರದ ರಾವುತ: ಕ್ಯಾಟಫ್ರ್ಯಾಕ್ಟ್ ಬಗ್ಗೆ ನೀವು ಕೇಳಿದ್ದು, ನಾವು ಹೇಳಿದ್ದು

‘ಏಜ್ ಆಫ್ ಎಂಪೈರ್ಸ್ 2’ ಎಂಬ ಕಂಪ್ಯೂಟರ್ ಯುದ್ಧದ ಆಟದ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯ) ಪಕ್ಷಕ್ಕೆ ಸೇರಿದ ವಿಶೇಷ ಅಶ್ವದಳವೇ ಕ್ಯಾಟಫ್ರ್ಯಾಕ್ಟ್. 1999ರ ಮೊದಲ ಆವೃತ್ತಿಯಿಂದಲೂ ಇರುವ ಈ ಕವಚಧಾರಿ ರಾವುತನ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿರುವ ಅಂಕಿಗಳು 2019ರ ಡೆಫಿನಿಟಿವ್ ಎಡಿಷನ್‌ನವು. ಆಟದ ಕಂಪನಿ ಆಗಾಗ ಬೆಲೆ ತಿದ್ದುತ್ತಿರುತ್ತದೆ, ಹಾಗಾಗಿ ದೊಡ್ಡ ಅಪ್‌ಗ್ರೇಡ್ ಕೊಳ್ಳುವ ಮೊದಲು ಆಟದೊಳಗಿನ ಟೆಕ್ನಾಲಜಿ ಟ್ರೀಯಲ್ಲಿ ಬೆಲೆಯನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಒಂದು ಕ್ಯಾಟಫ್ರ್ಯಾಕ್ಟ್‌ಗೆ 70 ಫುಡ್, 75 ಗೋಲ್ಡ್ ಸುರಿದು ಇಪ್ಪತ್ತು ಮಾಡಿಕೊಂಡರೂ ಎದುರಾಳಿಯ ಪ್ಯಾಲಡಿನ್‌ಗಳ (ನೈಟ್ ಎಂಬ ಕುದುರೆ ಸವಾರನ ಕೊನೆಯ ರೂಪ) ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಇದು ಶ್ರೇಷ್ಠ ಅಶ್ವದಳ ಹೇಗಾಗುತ್ತದೆ? (ಹಾಸನ)

ಕುದುರೆಯ ಮೇಲೆ ಕುದುರೆ ಬಿಡುವುದಕ್ಕೆ ಇದನ್ನು ಮಾಡಿದ್ದೇ ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಹೆಚ್ಚಿನವರು ಬೈಜಾಂಟೈನ್ ಪಕ್ಷವನ್ನು ಕೈಬಿಡುತ್ತಾರೆ.

ಲೆಕ್ಕ ಹಾಕಿ ನೋಡಿ. ಎಲೀಟ್ (ಅಪ್‌ಗ್ರೇಡ್ ಆದ) ಕ್ಯಾಟಫ್ರ್ಯಾಕ್ಟ್‌ಗೆ 150 ಹೆಚ್‌ಪಿ (ಜೀವಬಲ), 12 ಅಟ್ಯಾಕ್ (ಏಟಿನ ಬಲ). ಬೈಜಾಂಟೈನರಿಗೆ ಕಮ್ಮಾರಸಾಲೆಯಲ್ಲಿ ಫೋರ್ಜಿಂಗ್, ಐರನ್ ಕ್ಯಾಸ್ಟಿಂಗ್ ಎರಡೇ ಸಿಗುವುದು, ಬ್ಲಾಸ್ಟ್ ಫರ್ನೇಸ್ ಇಲ್ಲ. ಆದ್ದರಿಂದ ಅಟ್ಯಾಕ್ 14ಕ್ಕೇ ನಿಲ್ಲುತ್ತದೆ. ಬ್ಲಡ್‌ಲೈನ್ಸ್ ಕೂಡ ಇಲ್ಲದ್ದರಿಂದ ಮಿಕ್ಕ ಪಕ್ಷಗಳ ಕುದುರೆಗಳಿಗೆ ಸಿಗುವ 20 ಹೆಚ್‌ಪಿ ಇದಕ್ಕೆ ಸಿಗದು. ಎಲ್ಲ ಅಪ್‌ಗ್ರೇಡ್ ಆದ ಪ್ಯಾಲಡಿನ್‌ಗೆ 180 ಹೆಚ್‌ಪಿ, 18 ಅಟ್ಯಾಕ್, 5 ಮೆಲೀ ಆರ್ಮರ್ (ಹತ್ತಿರದಿಂದ ಬೀಳುವ ಏಟಿನಿಂದ ಕಳೆಯುವ ಅಂಕಿ). ನಿಮ್ಮದಕ್ಕೂ ಅಷ್ಟೇ ಮೆಲೀ ಆರ್ಮರ್. ನಿಮ್ಮ ಏಟಿಗೆ ಪ್ಯಾಲಡಿನ್ ಕಳೆದುಕೊಳ್ಳುವುದು 9, ಅಂದರೆ ಅದು ಸಾಯಲು 20 ಏಟು ಬೇಕು. ಅದರ ಏಟಿಗೆ ನಿಮ್ಮದು ಕಳೆದುಕೊಳ್ಳುವುದು 13, ಅಂದರೆ 12 ಏಟಿಗೆ ಕಥೆ ಮುಗಿಯಿತು. ಏನು ಕೈಚಳಕ ತೋರಿಸಿದರೂ ಈ ಅಂತರ ತುಂಬುವುದಿಲ್ಲ.

ಎದುರಾಳಿ ಪ್ಯಾಲಡಿನ್ ಹಾದಿ ಹಿಡಿದನೆಂದು ಗೊತ್ತಾದ ಕೂಡಲೇ ಕ್ಯಾಟಫ್ರ್ಯಾಕ್ಟ್ ನಿಲ್ಲಿಸಿ. ಬೈಜಾಂಟೈನರಿಗೆ ಸ್ಪಿಯರ್‌ಮನ್ (ಈಟಿಯವನು), ಸ್ಕಿರ್ಮಿಶರ್ (ಬಿಲ್ಲುಗಾರರ ಮೇಲೆ ಭರ್ಜಿ ಎಸೆಯುವವನು), ಕ್ಯಾಮಲ್ (ಒಂಟೆ ಸವಾರ) ಮೂರೂ ಶೇಕಡಾ 25 ಅಗ್ಗ. ಸ್ಪಿಯರ್‌ಮನ್‌ನ ಕೊನೆಯ ರೂಪವಾದ ಹಾಲ್ಬರ್ಡಿಯರ್ ಒಬ್ಬನಿಗೆ ತಗಲುವುದು ಸುಮಾರು 26 ಫುಡ್, 19 ವುಡ್ ಮಾತ್ರ, ಗೋಲ್ಡ್ ಒಂದು ಚೂರೂ ಬೇಡ. ಪ್ಯಾಲಡಿನ್‌ಗೆ ಉತ್ತರ ಅವರೇ.

ಪ್ರಶ್ನೆ: ಈಟಿಯವರ ಕೆಲಸವೇ ಕುದುರೆ ಕೊಲ್ಲುವುದು. ಆದರೆ ಕ್ಯಾಟಫ್ರ್ಯಾಕ್ಟ್ ಮಾತ್ರ ಹಾಲ್ಬರ್ಡಿಯರ್ ಗುಂಪಿನ ನಡುವೆ ನುಗ್ಗಿ ಗೆದ್ದು ಬರುತ್ತದಲ್ಲ, ಇದರ ಗುಟ್ಟೇನು? ಯೂನಿಟ್‌ನ ಆರ್ಮರ್ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ. (ತೀರ್ಥಹಳ್ಳಿ)

ಪರದೆಯ ಕೆಳಗೆ ಕಾಣುವ ಎರಡು ಆರ್ಮರ್ ಅಂಕಿಗಳಲ್ಲಿ ಗುಟ್ಟಿಲ್ಲ. ಆಟದಲ್ಲಿ ಪ್ರತಿ ಯೂನಿಟ್‌ಗೂ ಒಂದು ಜಾತಿಯ ಗುರುತು ಇರುತ್ತದೆ: ಇದು ಅಶ್ವದಳ, ಇದು ಕಾಲಾಳು, ಇದು ಬಿಲ್ಲುಗಾರ ಎಂದು. ಈಟಿಯವನ ಹೆಚ್ಚುವರಿ ಏಟು ‘ಅಶ್ವದಳ’ ಎಂಬ ಗುರುತು ಇದ್ದವರಿಗೆ ಬೀಳುತ್ತದೆ. ಆ ಗುರುತಿಗೂ ಒಂದು ಆರ್ಮರ್ ಇರಬಹುದು. ನೈಟ್, ಪ್ಯಾಲಡಿನ್‌ಗಳಿಗೆ ಅದು ಸೊನ್ನೆ. ಕ್ಯಾಟಫ್ರ್ಯಾಕ್ಟ್‌ಗೆ 12, ಎಲೀಟ್ ಆದ ಮೇಲೆ 16. ಈ ಯೂನಿಟ್‌ನ ಜೀವಾಳವೇ ಇದು.

ಎಲ್ಲ ಅಪ್‌ಗ್ರೇಡ್ ಮುಗಿಸಿದ ಹಾಲ್ಬರ್ಡಿಯರ್‌ನ ಸಾಮಾನ್ಯ ಅಟ್ಯಾಕ್ 10, ಕುದುರೆಗೆ ಹೆಚ್ಚುವರಿ 32. ಪ್ಯಾಲಡಿನ್ ಮೇಲೆ ಬಿದ್ದಾಗ 10ರಲ್ಲಿ 5 ಆರ್ಮರ್ ಕಳೆದು 5, ಜೊತೆಗೆ ಪೂರ್ತಿ 32. ಒಟ್ಟು 37. ಐದೇ ಏಟಿಗೆ ಪ್ಯಾಲಡಿನ್ ನೆಲಕ್ಕೆ. ಅದೇ ಈಟಿ ಎಲೀಟ್ ಕ್ಯಾಟಫ್ರ್ಯಾಕ್ಟ್ ಮೇಲೆ ಬಿದ್ದಾಗ 32ರಲ್ಲಿ 16 ಹೋಗಿ 16 ಉಳಿಯಿತು, ಸಾಮಾನ್ಯ ಏಟಿನದು 5. ಒಟ್ಟು 21. ಕೊಲ್ಲಲು 8 ಏಟು ಬೇಕು. ಹಾಲ್ಬರ್ಡಿಯರ್ ಬೀಸುವುದು 3 ಸೆಕೆಂಡಿಗೊಮ್ಮೆ ಎಂಬುದನ್ನೂ ಸೇರಿಸಿ: ಒಬ್ಬನೇ ನಿಂತು ಒಂದು ಕ್ಯಾಟಫ್ರ್ಯಾಕ್ಟ್ ಬೀಳಿಸಲು ಇಪ್ಪತ್ತು ಸೆಕೆಂಡಿಗೂ ಮೇಲೆ ಬೇಕು.

ಈಗ ಆಚೆ ಬದಿ. ಎಲೀಟ್ ಕ್ಯಾಟಫ್ರ್ಯಾಕ್ಟ್‌ಗೆ ಕಾಲಾಳಿನ ಮೇಲೆ 12 ಹೆಚ್ಚುವರಿ, ಬೈಜಾಂಟೈನರ ವಿಶೇಷ ಅಪ್‌ಗ್ರೇಡ್ ಲಾಜಿಸ್ಟಿಕಾ ಸಂಶೋಧಿಸಿದರೆ ಇನ್ನೂ 6. ಹಾಲ್ಬರ್ಡಿಯರ್‌ನ ಮೆಲೀ ಆರ್ಮರ್ 3 ಎಂದಿಟ್ಟುಕೊಂಡರೆ 14ರಲ್ಲಿ 11 ದಾಟುತ್ತದೆ, ಅದಕ್ಕೆ 18 ಕೂಡಿ 29. ಅವನ ಹೆಚ್‌ಪಿ 60. ಎರಡು ಏಟಿಗೆ 58 ಹೋಯಿತು, 2 ಉಳಿಯಿತು. ಲಾಜಿಸ್ಟಿಕಾದ ಎರಡನೇ ಗುಣ ಕೆಲಸಕ್ಕೆ ಬರುವುದು ಇಲ್ಲೇ. ಏಟು ಬಿದ್ದವನ ಸುತ್ತ ಅರ್ಧ ಟೈಲ್ (ಆಟದ ನೆಲದ ಒಂದು ಚೌಕ) ದೂರದೊಳಗಿನ ಶತ್ರುಗಳಿಗೆ 5ರಷ್ಟು ತುಳಿತದ ಪೆಟ್ಟು ತಗಲುತ್ತದೆ. ಪಕ್ಕದ ಕುದುರೆಯ ತುಳಿತಕ್ಕೇ ಉಳಿದ 2 ಹೋಗಿ, ಹಾಲ್ಬರ್ಡಿಯರ್ ಎರಡನೇ ಏಟಿಗೇ ಮಲಗುತ್ತಾನೆ. ಒಂಟಿ ಕ್ಯಾಟಫ್ರ್ಯಾಕ್ಟ್‌ಗೂ ಒತ್ತಾಗಿ ನಿಂತ ಇಪ್ಪತ್ತೈದಕ್ಕೂ ಇರುವ ಅಗಾಧ ವ್ಯತ್ಯಾಸ ಹುಟ್ಟುವುದು ಇದರಿಂದ. ಈ ತುಳಿತ ನಿಮ್ಮ ಸೈನಿಕರಿಗೆ ತಗಲುವುದಿಲ್ಲ, ಅಂಜಬೇಕಿಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಹೆಚ್ಚುವರಿ ಏಟನ್ನು ಮೆಲೀ ಆರ್ಮರ್ ತಡೆಯುವುದಿಲ್ಲ. ಹೆಸರಿಗೆ ನೈಟ್ ಆದರೂ ಕಾಲಾಳೇ ಆದ ಎಲೀಟ್ ಟ್ಯೂಟಾನಿಕ್ ನೈಟ್‌ನ ಮೆಲೀ ಆರ್ಮರ್ ಕೊನೆಯಲ್ಲಿ 13. ಪ್ಯಾಲಡಿನ್ ಅವನಿಗೆ ಬೀಸಿದರೆ 5 ಮಾತ್ರ ತಾಗುತ್ತದೆ. ನಿಮ್ಮ ಎಲೀಟ್ ಕ್ಯಾಟಫ್ರ್ಯಾಕ್ಟ್‌ನ ಸಾಮಾನ್ಯ ಏಟಿನಿಂದ ದಾಟುವುದು 1, ಆದರೆ ಹೆಚ್ಚುವರಿ 18 ಹಾಗೆಯೇ ಒಳಹೋಗುತ್ತದೆ. ಒಟ್ಟು 19, ಆರು ಏಟಿಗೆ ಆಟದ ಅತಿ ಗಟ್ಟಿ ಕಾಲಾಳು ಮುಗಿದ.

ಪ್ರಶ್ನೆ: ಕ್ಯಾಮಲ್ ಎದುರಾದರೆ ಹಿಂದೆಗೆಯಬೇಕೇ? (ಕೊಪ್ಪಳ)

ಬೇಡ. ಹೆವಿ ಕ್ಯಾಮಲ್‌ಗೆ ಕುದುರೆಯ ಮೇಲಿರುವ 18 ಹೆಚ್ಚುವರಿ ಏಟಿನಲ್ಲಿ 16 ಇಲ್ಲಿಯೂ ಕಳೆದುಹೋಗುತ್ತದೆ. ಅದು ನಿಮ್ಮದನ್ನು ಕೊಲ್ಲಲು 19 ಏಟು ಬೇಕು, ನಿಮ್ಮದಕ್ಕೆ 13 ಸಾಕು. ಕುದುರೆಗೆಂದೇ ಕಾದಿಟ್ಟ ಬಾಣ ಬಿಡುವ ಜಿನೋವೀಸ್ ಕ್ರಾಸ್‌ಬೋಮನ್‌ನ ವಿಶೇಷ ಏಟೂ ಹಾಗೆಯೇ ಸೊನ್ನೆಯಾಗುತ್ತದೆ. ಆದರೆ ಅವನ ಮಾಮೂಲಿ ಬಾಣ ಸೊನ್ನೆಯಾಗುವುದಿಲ್ಲ, ಅದರ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ಕ್ಯಾಸಲ್ ಏಜ್‌ಗೆ (ಆಟದ ನಾಲ್ಕು ಯುಗಗಳಲ್ಲಿ ಮೂರನೆಯದು) ಹೋದ ಮೇಲೆ ಕ್ಯಾಟಫ್ರ್ಯಾಕ್ಟ್ ಬರುವಷ್ಟರಲ್ಲಿ ಆಟವೇ ಕೈಬಿಟ್ಟು ಹೋಗಿರುತ್ತದೆ. ಕ್ಯಾಸಲ್ ಯಾವಾಗ ಕಟ್ಟಬೇಕು, ಎಷ್ಟು ವಿಲೇಜರ್ (ಕೆಲಸಗಾರರು) ಎಲ್ಲೆಲ್ಲಿ ಇರಬೇಕು? (ದಾವಣಗೆರೆ)

ನಿಮ್ಮ ಕಷ್ಟ ಶುರುವಾಗುವುದು ಕಲ್ಲಿನಿಂದ. ಕ್ಯಾಟಫ್ರ್ಯಾಕ್ಟ್ ತಯಾರಾಗುವ ಕ್ಯಾಸಲ್‌ಗೆ (ಕೋಟೆ) 650 ಸ್ಟೋನ್ ಬೇಕು. ಆಟ ಶುರುವಾಗುವಾಗ ಕೈಯಲ್ಲಿರುವುದು 200. ಕ್ಯಾಸಲ್ ಏಜ್ ಸೇರಿದ ಕೂಡಲೇ ಎರಡು ಹೊಸ ಟೌನ್ ಸೆಂಟರ್ ಹಾಕಿಬಿಟ್ಟರೆ ತಲಾ 100ರಂತೆ ಆ 200 ಖಾಲಿ, ಮತ್ತೆ 650 ಅಗೆಯಬೇಕು. ಆದ್ದರಿಂದ ಕ್ಯಾಟಫ್ರ್ಯಾಕ್ಟ್ ಬೇಕೆಂದು ತೀರ್ಮಾನಿಸಿದ್ದರೆ ಹೊಸ ಟೌನ್ ಸೆಂಟರ್ ಒಂದೇ ಇರಲಿ. ಫ್ಯೂಡಲ್‌ನಿಂದ ಕ್ಯಾಸಲ್ ಏಜ್‌ಗೆ ಒತ್ತಿದ ಕ್ಷಣದಲ್ಲೇ ಐದಾರು ಮಂದಿಯನ್ನು ಕಲ್ಲಿಗೆ ಹಾಕಿ. ಆರು ಮಂದಿ ನಾಲ್ಕೂವರೆಯಿಂದ ಐದು ನಿಮಿಷದಲ್ಲಿ ಬೇಕಾದ 550 ಸ್ಟೋನ್ ತರುತ್ತಾರೆ.

ಕಟ್ಟುವಾಗ ಜಿಪುಣತನ ಬೇಡ. ಒಬ್ಬನೇ ಕಟ್ಟಿದರೆ ಕ್ಯಾಸಲ್‌ಗೆ 200 ಸೆಕೆಂಡ್. ಕೈ ಹೆಚ್ಚಾದಂತೆ ಎಷ್ಟು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಒಂದು ಸೂತ್ರವಿದೆ: ಆ 200ನ್ನು ಮೂರರಿಂದ ಗುಣಿಸಿ, ಕಟ್ಟುವವರ ಸಂಖ್ಯೆಗೆ 2 ಕೂಡಿಸಿ ಅದರಿಂದ ಭಾಗಿಸಿ. ಐದು ಮಂದಿಗೆ 86 ಸೆಕೆಂಡ್, ಎಂಟು ಮಂದಿಗೆ ಸರಿಯಾಗಿ 60. ಕಲ್ಲು ಅಗೆದ ಆರು ಮಂದಿಯ ಜೊತೆ ಪಕ್ಕದ ಕಾಡಿನಿಂದ ಇಬ್ಬರನ್ನು ಎಳೆದುಕೊಂಡರೆ ಒಂದೇ ನಿಮಿಷದ ಕೆಲಸ.

ಇನ್ನು ಮೇವು. ಒಂದು ಕ್ಯಾಟಫ್ರ್ಯಾಕ್ಟ್ ತಯಾರಾಗಲು 20 ಸೆಕೆಂಡ್. ಒಂದು ಕ್ಯಾಸಲ್ ಬಿಡದೆ ಓಡಿದರೆ ನಿಮಿಷಕ್ಕೆ ಮೂರು, ಅಂದರೆ 210 ಫುಡ್, 225 ಗೋಲ್ಡ್. ಹೊಲದಲ್ಲಿರುವ ಒಬ್ಬ ವಿಲೇಜರ್ ನಿಮಿಷಕ್ಕೆ ಸುಮಾರು 20 ಫುಡ್ ತರುತ್ತಾನೆ, ಚಿನ್ನ ಅಗೆಯುವವನು ಅದಕ್ಕಿಂತ ತುಸು ಹೆಚ್ಚು. ಹಾಗಾಗಿ ಒಂದು ಕ್ಯಾಸಲ್‌ಗೆ ಕುದುರೆ ಖರ್ಚಿಗೆಂದೇ ಹತ್ತು ಹನ್ನೊಂದು ಹೊಲ, ಹತ್ತು ಮಂದಿ ಗೋಲ್ಡ್ ಮೇಲೆ. ಟೌನ್ ಸೆಂಟರ್‌ನಲ್ಲಿ ವಿಲೇಜರ್ ಹುಟ್ಟಿಸಲು ಬೇಕಾದ ಫುಡ್, ಅಪ್‌ಗ್ರೇಡಿನ ಫುಡ್ ಇದರ ಮೇಲೆ. ಎರಡನೇ ಕ್ಯಾಸಲ್ ಹಾಕುವಷ್ಟು ಹೊಲ ಇಲ್ಲದಿದ್ದರೆ ಹಾಕಬೇಡಿ. ಖಾಲಿ ನಿಂತ ಕ್ಯಾಸಲ್ 650 ಸ್ಟೋನ್ ದಂಡ.

ಅಲ್ಲಿಯವರೆಗೆ ಬದುಕುವುದು ಹೇಗೆ ಎಂದರೆ, ಅಗ್ಗದ ಸ್ಪಿಯರ್‌ಮನ್ ಮತ್ತು ಸ್ಕಿರ್ಮಿಶರ್‌ಗಳೇ. ಬೈಜಾಂಟೈನ್ ಕಟ್ಟಡಗಳ ಹೆಚ್‌ಪಿ ಡಾರ್ಕ್ ಏಜ್‌ನಲ್ಲಿ ಶೇಕಡಾ 10, ಫ್ಯೂಡಲ್‌ನಲ್ಲಿ 20, ಕ್ಯಾಸಲ್‌ನಲ್ಲಿ 30, ಇಂಪೀರಿಯಲ್‌ನಲ್ಲಿ 40 ಹೆಚ್ಚು. ಗೋಡೆ ಬೇಗ ಬೀಳುವುದಿಲ್ಲ, ಅದನ್ನು ಬಳಸಿಕೊಳ್ಳಿ.

ಪ್ರಶ್ನೆ: ಕ್ಯಾಸಲ್ ಏಜ್‌ನಲ್ಲಿಯೇ ಹತ್ತು ಕ್ಯಾಟಫ್ರ್ಯಾಕ್ಟ್ ಇಟ್ಟುಕೊಂಡು ದಾಳಿಗೆ ಹೋಗಬಹುದೇ? (ಉಡುಪಿ)

ಎದುರಿಗೆ ಪೈಕ್‌ಮನ್ (ಹಾಲ್ಬರ್ಡಿಯರ್‌ನ ಹಿಂದಿನ ಹಂತ) ಅಥವಾ ಬೇರೆ ಕಾಲಾಳುಗಳಿದ್ದರೆ ಧಾರಾಳವಾಗಿ. ಈ ಹಂತದಲ್ಲಿ ಇದಕ್ಕೆ 110 ಹೆಚ್‌ಪಿ, 9 ಅಟ್ಯಾಕ್, ಕಾಲಾಳಿಗೆ 9 ಹೆಚ್ಚುವರಿ. ಪೈಕ್‌ಮನ್ 24ರ ಏಟಿಗೆ ನೈಟ್‌ನನ್ನು ಐದು ಸಲಕ್ಕೆ ಕೊಲ್ಲುತ್ತಾನೆ, ಕ್ಯಾಟಫ್ರ್ಯಾಕ್ಟ್‌ಗೆ ತಾಗುವುದು 12 ಮಾತ್ರ, ಹತ್ತು ಏಟು ಬೇಕು.

ಒಂದು ಸೂಕ್ಷ್ಮ ಗಮನಿಸಿ. ಐರನ್ ಕ್ಯಾಸ್ಟಿಂಗ್ ಮುಗಿಸಿದ ಕ್ಯಾಟಫ್ರ್ಯಾಕ್ಟ್, ಚೈನ್ ಮೇಲ್ ಹಾಕಿದ ಪೈಕ್‌ಮನ್‌ಗೆ ಮಾಡುವ ಗಾಯ 18. ಮೂರು ಏಟಿಗೆ 54, ಅವನ ಹೆಚ್‌ಪಿ 55! ಒಂದೇ ಒಂದು ಹೆಚ್‌ಪಿಗಾಗಿ ನಾಲ್ಕನೇ ಏಟು ಬೀಸಬೇಕು. ಅವನು ಚೈನ್ ಮೇಲ್ ತೆಗೆದುಕೊಳ್ಳುವುದಕ್ಕೆ ಮೊದಲೇ ಮೇಲೆ ಬಿದ್ದರೆ ಮೂರೇ ಏಟು. ಐರನ್ ಕ್ಯಾಸ್ಟಿಂಗ್ ಬೇಗ, ದಾಳಿ ಬೇಗ.

ನೈಟ್‌ಗಳು ಎದುರಾದರೆ ಹಿಂತಿರುಗಿ. ಅಲ್ಲಿ ನಿಮಗೆ 18 ಏಟು ಬೇಕು, ಅವರಿಗೆ 14. ಅದೂ ಅಲ್ಲದೆ ಅವರು ಮೂರು ಲಾಯ ಕಟ್ಟಿ ಮೂರರಲ್ಲೂ ನೈಟ್ ಹೊರಡಿಸಬಲ್ಲರು, ನೀವು ಒಂದು ಕ್ಯಾಸಲ್ ಬಾಗಿಲಿನಿಂದ ಒಂದೊಂದಾಗಿ ಕಳಿಸಬೇಕು.

ಪ್ರಶ್ನೆ: ಇಂಪೀರಿಯಲ್ ಏಜ್ ತಲುಪಿದೆ. ಮೊದಲು ಎಲೀಟ್ ಅಪ್‌ಗ್ರೇಡೋ ಲಾಜಿಸ್ಟಿಕಾವೋ? ಎರಡಕ್ಕೂ ಒಟ್ಟಿಗೆ ಹಣ ಹೊಂದಿಸಲಾಗುತ್ತಿಲ್ಲ. (ಪುಣೆಯಲ್ಲಿರುವ ಓದುಗರು)

ಮೊದಲು ಎಲೀಟ್. ಏಟಿನ ಲೆಕ್ಕದಲ್ಲಿ ಎರಡೂ ಒಂದೇ: ಎಲೀಟ್ ಮಾತ್ರ ಇದ್ದರೂ, ಲಾಜಿಸ್ಟಿಕಾ ಮಾತ್ರ ಇದ್ದರೂ ಹಾಲ್ಬರ್ಡಿಯರ್‌ಗೆ ತಾಗುವುದು 23, ಮೂರು ಏಟು. ವ್ಯತ್ಯಾಸ ಇರುವುದು ತಡೆದುಕೊಳ್ಳುವುದರಲ್ಲಿ. ಎಲೀಟ್ ಆಗದ ಕ್ಯಾಟಫ್ರ್ಯಾಕ್ಟ್ ಐದು ಏಟಿಗೆ ಬೀಳುತ್ತದೆ, ಎಲೀಟ್ ಆದದ್ದು ಎಂಟಕ್ಕೆ. ತುಳಿತ ಎಷ್ಟೇ ಒಳ್ಳೆಯದಾದರೂ ತುಳಿಯಲು ಕುದುರೆ ಬದುಕಿರಬೇಕಲ್ಲ. ಅದಕ್ಕೂ ಮೊದಲು ಕಮ್ಮಾರಸಾಲೆಯ ಪ್ಲೇಟ್ ಬಾರ್ಡಿಂಗ್ (ಕುದುರೆ ಕವಚದ ಕೊನೆಯ ಅಪ್‌ಗ್ರೇಡ್) ಮುಗಿದಿರಲಿ.

ಎಲೀಟ್, ಲಾಜಿಸ್ಟಿಕಾ ಎರಡೂ ಸೇರಿ 3000ಕ್ಕೂ ಹೆಚ್ಚು ಫುಡ್ ಮತ್ತು ಗೋಲ್ಡ್ ನುಂಗುತ್ತವೆ. ಅಷ್ಟರಲ್ಲಿ ಇಪ್ಪತ್ತು ಕ್ಯಾಟಫ್ರ್ಯಾಕ್ಟ್ ಬರುತ್ತಿತ್ತು. ಇದನ್ನು ತುಂಬಿಕೊಡಲೆಂದೇ ಇರುವಂತೆ ಬೈಜಾಂಟೈನರಿಗೆ ಇಂಪೀರಿಯಲ್ ಏಜ್ ಮೂರನೇ ಒಂದು ಭಾಗ ಅಗ್ಗ: 1000 ಫುಡ್, 800 ಗೋಲ್ಡ್ ಬದಲು ಸುಮಾರು 670 ಮತ್ತು 535. ಎದುರಾಳಿಗಿಂತ ಮುಂಚೆ ಇಂಪೀರಿಯಲ್ ಸೇರಿ, ಆ ಉಳಿತಾಯವನ್ನು ನೇರ ಎಲೀಟ್ ಅಪ್‌ಗ್ರೇಡಿಗೆ ಹಾಕುವುದು ಸರಿಯಾದ ದಾರಿ. ಎದುರಿನವನು ಚಾಂಪಿಯನ್‌ಗಳನ್ನು (ಕತ್ತಿ ಹಿಡಿದ ಕಾಲಾಳುಗಳು) ತಂದರೆ ಲಾಜಿಸ್ಟಿಕಾವನ್ನು ತಡಮಾಡಬೇಡಿ, ಅಲ್ಲಿ ಅದು ನಾಲ್ಕು ಏಟನ್ನು ಮೂರಕ್ಕೆ ಇಳಿಸುತ್ತದೆ. ಜೊತೆಗೆ ಕಾನ್‌ಸ್ಕ್ರಿಪ್ಷನ್ ಸಂಶೋಧಿಸಿದರೆ ಕ್ಯಾಸಲ್‌ನಿಂದ ಯೂನಿಟ್ ಬರುವ ವೇಗ ಶೇಕಡಾ 33 ಏರುತ್ತದೆ. ಎರಡನೇ ಕ್ಯಾಸಲ್‌ಗಿಂತ ಅಗ್ಗದಲ್ಲಿ ಆಗುವ ಕೆಲಸ ಇದು.

ಪ್ರಶ್ನೆ: ಹಾಲ್ಬರ್ಡಿಯರ್ ಮುಂದೆ, ಆರ್ಬಲೆಸ್ಟರ್ (ಬಿಲ್ಲುಗಾರ) ಹಿಂದೆ ಇಟ್ಟುಕೊಂಡು ಬಂದವನ ಎದುರು ಮೂವತ್ತು ಎಲೀಟ್ ಕ್ಯಾಟಫ್ರ್ಯಾಕ್ಟ್ ಕಳೆದುಕೊಂಡೆ. ಎಲ್ಲಿ ತಪ್ಪಿತು? (ಗದಗ)

ಬಾಣದಲ್ಲಿ. ಇದರ ಪಿಯರ್ಸ್ ಆರ್ಮರ್ (ಬಾಣ ತಡೆಯುವ ಅಂಕಿ) ಶುರುವಾಗುವುದೇ 1ರಿಂದ, ಎಲ್ಲ ಬಾರ್ಡಿಂಗ್ ಮುಗಿದರೂ 5. ಪ್ಯಾಲಡಿನ್‌ನದು 7. ಎರಡೇ ಅಂಕಿ ತಾನೇ ಎನ್ನಬೇಡಿ. ಆರ್ಬಲೆಸ್ಟರ್‌ನ ಬಾಣ 10ರದ್ದು. ಪ್ಯಾಲಡಿನ್‌ಗೆ ತಾಗುವುದು 3, ಬೀಳಿಸಲು 60 ಬಾಣ ಬೇಕು. ಕ್ಯಾಟಫ್ರ್ಯಾಕ್ಟ್‌ಗೆ ತಾಗುವುದು 5, 30 ಬಾಣ ಸಾಕು. ಸರಿಯಾಗಿ ಅರ್ಧ. ನಲವತ್ತು ಆರ್ಬಲೆಸ್ಟರ್ ಒಟ್ಟಿಗೆ ಬಿಟ್ಟರೆ ಒಂದೇ ಸುತ್ತಿಗೆ ಒಂದು ಕುದುರೆ ಹೋಗುತ್ತದೆ.

ಇಂಥ ಸೈನ್ಯದ ಎದುರು ಕ್ಯಾಟಫ್ರ್ಯಾಕ್ಟ್ ಒಂದನ್ನೇ ನಂಬಬಾರದು. ಎಲೀಟ್ ಸ್ಕಿರ್ಮಿಶರ್ ಇಪ್ಪತ್ತಾದರೂ ಜೊತೆಗಿರಲಿ. ನಿಮಗೆ ಒಂದಕ್ಕೆ ಸುಮಾರು 19 ಫುಡ್, 26 ವುಡ್, ಗೋಲ್ಡ್ ಮುಟ್ಟುವುದೇ ಇಲ್ಲ. ಎರಡೂ ಬೇರೆ ಬೇರೆ ಕಂಟ್ರೋಲ್ ಗ್ರೂಪ್‌ನಲ್ಲಿರಲಿ. ಮೊದಲು ಸ್ಕಿರ್ಮಿಶರ್ ಕೈಯಿಂದ ಆರ್ಬಲೆಸ್ಟರ್‌ಗಳಿಗೆ ಎಸೆಸಿ. ಎದುರಾಳಿ ಅವರ ಮೇಲೆ ಹಾಲ್ಬರ್ಡಿಯರ್ ಬಿಡುತ್ತಾನೆ, ಬಿಡಲೇಬೇಕು. ಅವರು ಬಿಲ್ಲುಗಾರರಿಂದ ನಾಲ್ಕು ಹೆಜ್ಜೆ ಮುಂದೆ ಬಂದಾಗ ಪಕ್ಕದಿಂದ ಕ್ಯಾಟಫ್ರ್ಯಾಕ್ಟ್ ನುಗ್ಗಿಸಿ.

ನುಗ್ಗಿಸುವಾಗ ಆಗುವ ಎರಡು ತಪ್ಪುಗಳು. ಒಂದು, ಬಲಗುಂಡಿ ಒತ್ತಿ ಒಬ್ಬನ ಮೇಲೆ ಎಲ್ಲರನ್ನೂ ಬಿಡುವುದು. ಮುಂದಿನ ನಾಲ್ಕು ಕುದುರೆ ಹೊಡೆಯುತ್ತವೆ, ಹಿಂದಿನ ಇಪ್ಪತ್ತು ದಾರಿ ಸಿಗದೆ ಸುತ್ತುತ್ತ ಬಾಣ ತಿನ್ನುತ್ತವೆ. ಅಟ್ಯಾಕ್ ಮೂವ್ ಅಥವಾ ಪಟ್ರೋಲ್ ಆಜ್ಞೆ ಕೊಟ್ಟರೆ ಪ್ರತಿಯೊಂದೂ ತನಗೆ ಹತ್ತಿರದವನನ್ನು ಹಿಡಿಯುತ್ತದೆ. ಎರಡು, ಗೆದ್ದ ಖುಷಿಯಲ್ಲಿ ಮನೆ ಗೋಡೆಗಳ ಮೇಲೆ ಬಿಡುವುದು. 14ರ ಅಟ್ಯಾಕ್ ಕಟ್ಟಡಕ್ಕೆ ಏನೇನೂ ಅಲ್ಲ, ಅಲ್ಲಿ ನಿಂತಷ್ಟು ಹೊತ್ತು ಕ್ಯಾಸಲ್ ಬಾಣಕ್ಕೆ ಬಲಿ. ಗೋಡೆ ರ‍್ಯಾಮ್ ಮತ್ತು ಟ್ರೆಬುಶೆ ಎಂಬ ಕಲ್ಲೆಸೆಯುವ ಯಂತ್ರದ ಪಾಲು. ಕ್ಯಾಟಫ್ರ್ಯಾಕ್ಟ್ ಆ ಟ್ರೆಬುಶೆಯ ಕಾವಲಿಗೆ ನಿಲ್ಲಲಿ. ಅದನ್ನು ಒಡೆಯಲು ಹಾಲ್ಬರ್ಡಿಯರ್ ಬಂದರೆ ಬೇಟೆ ತಾನಾಗಿಯೇ ಬಂದಂತೆ.

ಎದುರಿನ ಸೈನಿಕರನ್ನು ತನ್ನ ಪಕ್ಷಕ್ಕೆ ತಿರುಗಿಸಿಕೊಳ್ಳುವ ಮಾಂಕ್ ಕಂಡರೆ ನಿಲ್ಲಬೇಡಿ. 145ರ ಬೆಲೆಯ ಕುದುರೆ ಎದುರಾಳಿಯ ಬಣ್ಣಕ್ಕೆ ತಿರುಗುವುದು ದುಪ್ಪಟ್ಟು ನಷ್ಟ. ನಾಲ್ಕೈದು ಲೈಟ್ ಕ್ಯಾವಲ್ರಿಯನ್ನು ಮುಂದೆ ಓಡಿಸಿ ಮಾಂಕ್‌ಗಳನ್ನು ಮೊದಲು ಮುಗಿಸಿ.

ಪ್ರಶ್ನೆ: ಯಾವ ಪಕ್ಷಗಳ ಎದುರು ಇದು ಕಣ್ಣುಮುಚ್ಚಿ ಆರಿಸುವಂಥದ್ದು? (ಬೀದರ್)

ಗಾತ್‌ಗಳ ಎದುರು. ಅವರ ಕಾಲಾಳು ಅಗ್ಗ, ಕೊನೆಗೆ ಹೊಳೆಯಂತೆ ಹರಿದು ಬರುತ್ತಾರೆ. ಬಾಣಕ್ಕೆ ಜಗ್ಗದ ಹಸ್ಕಾರ್ಲ್ ಕೂಡ ಕಾಲಾಳೇ. ಕುದುರೆಯೇ ಇಲ್ಲದ ಅಜ್ಟೆಕ್‌ಗಳ ಈಗಲ್ ವಾರಿಯರ್ ಎದುರೂ ಚೆನ್ನ, ಅಲ್ಲಿ ಅವರ ಮಾಂಕ್ ಮೇಲೆ ಕಣ್ಣಿರಲಿ. ಬ್ರಿಟನ್, ಮಾಯಾ ಮುಂತಾದ ಬಿಲ್ಲಿನ ಪಕ್ಷಗಳ ಎದುರು, ಫ್ರಾಂಕ್‌ರ ನೈಟ್‌ಗಳ ಎದುರು ಇದಕ್ಕೆ ದುಡ್ಡು ಹಾಕುವುದು ವ್ಯರ್ಥ. ಬೈಜಾಂಟೈನರ ಎದುರು ನೀವೇ ಇದ್ದರೆ ಮಾಡಬೇಕಾದ್ದೂ ಇದೇ: ಚಾಂಪಿಯನ್, ಹಾಲ್ಬರ್ಡಿಯರ್ ಮಾಡುವ ಚಾಳಿ ಬಿಟ್ಟು ಬಿಲ್ಲು ಅಥವಾ ನೈಟ್ ಹಿಡಿಯಿರಿ. ಅವರ ಮೊದಲ ಕ್ಯಾಸಲ್ ಏಳುವ ಮೊದಲೇ ಕಲ್ಲುಗಣಿಗೆ ಕಾಟ ಕೊಡಿ.

ಪ್ರಶ್ನೆ: ನಿಜವಾದ ಇತಿಹಾಸದಲ್ಲಿ ಇಂಥ ರಾವುತರು ಇದ್ದರೇ? ಈಟಿಗೆ ಜಗ್ಗದೆ ಕಾಲಾಳುಗಳನ್ನು ಹೀಗೆ ತುಳಿಯುತ್ತಿದ್ದರೇ? (ಮೈಸೂರು)

ಇದ್ದರು. ‘ಕಟಾಫ್ರಾಕ್ಟೋಸ್’ ಎಂಬ ಗ್ರೀಕ್ ಪದಕ್ಕೆ ಮೈಯೆಲ್ಲ ಮುಚ್ಚಿದವನು ಎಂದರ್ಥ. ಹುಟ್ಟು ಬೈಜಾಂಟಿಯಂನಲ್ಲಿ ಅಲ್ಲ, ಅದಕ್ಕೂ ಬಹಳ ಹಿಂದೆ ಇರಾನಿನ ಕಡೆ. ಕ್ರಿ.ಪೂ. 53ರಲ್ಲಿ ಕಾರೇ ಎಂಬಲ್ಲಿ ರೋಮನ್ ಸೇನಾಪತಿ ಕ್ರಾಸಸ್‌ನ ಕಾಲಾಳುಗಳನ್ನು ನುಚ್ಚುನೂರು ಮಾಡಿದ ಪಾರ್ಥಿಯನ್ ಪಡೆಯಲ್ಲಿ ಇಂಥ ಸಾವಿರ ರಾವುತರಿದ್ದರು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಅವರ ಜೊತೆಗಿದ್ದ ಕುದುರೆ ಬಿಲ್ಲುಗಾರರ ಸಂಖ್ಯೆ ಅದರ ಹಲವು ಪಟ್ಟು ಎಂಬುದನ್ನು ಮರೆಯಬಾರದು.

ಆಟದಲ್ಲಿರುವುದು ಹತ್ತನೇ ಶತಮಾನದವನ ರೂಪ. 963ರಿಂದ 969ರವರೆಗೆ ಆಳಿದ ಚಕ್ರವರ್ತಿ ನೀಕೆಫೊರೋಸ್ ಫೋಕಾಸ್‌ನ ಹೆಸರಿನಲ್ಲಿರುವ ಯುದ್ಧ ಕೈಪಿಡಿಯಲ್ಲಿ ಇವರನ್ನು ಹೇಗೆ ನಿಲ್ಲಿಸಬೇಕೆಂದು ಎಣಿಕೆ ಸಮೇತ ಇದೆ. ಮೂತಿ ಮೊಂಡಾದ ತ್ರಿಕೋನ. ಮೊದಲ ಸಾಲಿನಲ್ಲಿ 20 ಮಂದಿ, ಹಿಂದಿನ ಪ್ರತಿ ಸಾಲಿನಲ್ಲಿ ನಾಲ್ವರು ಹೆಚ್ಚು, ಒಟ್ಟು 12 ಸಾಲು. ಕೊನೆಯ ಸಾಲಿಗೆ 64, ಎಲ್ಲ ಸೇರಿ 504. ಅಷ್ಟು ಮಂದಿ ಇಲ್ಲದಿದ್ದರೆ ಮುಂದೆ 10ರಿಂದ ಶುರುಮಾಡಿ 384. ದೊಡ್ಡ ತ್ರಿಕೋನದ ಒಳಗೆ 150 ಬಿಲ್ಲುಗಾರರು ಕುದುರೆಯ ಮೇಲೇ ಇರುತ್ತಿದ್ದರು. ಉಳಿದವರ ಕೈಯಲ್ಲಿ ಈಟಿ, ಖಡ್ಗ, ಮೊನೆಗಳಿದ್ದ ಕಬ್ಬಿಣದ ಗದೆ.

ಕುದುರೆಗೂ ಕವಚ. ಹಳಗನ್ನಡ, ನಡುಗನ್ನಡ ಕಾವ್ಯ ಓದಿದವರಿಗೆ ‘ಹಕ್ಕರಿಕೆ’ ಪದ ಗೊತ್ತಿರುತ್ತದೆ, ಅದೇ. ಒತ್ತಿ ಮಾಡಿದ ಉಣ್ಣೆ ಮತ್ತು ಬೇಯಿಸಿ ಗಟ್ಟಿ ಮಾಡಿದ ತೊಗಲಿನ ಹೊದಿಕೆ ಮೊಣಕಾಲಿನವರೆಗೆ, ಕಣ್ಣು ಮತ್ತು ಮೂಗಿನ ಹೊಳ್ಳೆ ಬಿಟ್ಟು ಏನೂ ಕಾಣದಂತೆ. ಇಷ್ಟು ಹೊರೆ ಹೊತ್ತ ಕುದುರೆ ನಾಗಾಲೋಟ ಓಡದು. ಸಾಲು ಮುರಿಯದೆ ಹದವಾದ ನಡೆಯಲ್ಲಿ ಸಾಗಬೇಕೆಂದೇ ಕೈಪಿಡಿಯ ಆಜ್ಞೆ. ಆಟದಲ್ಲಿ ನೈಟ್‌ಗೆ ಸರಿಸಮನಾಗಿ ಓಡುವುದು ಆಟದ ಅನುಕೂಲಕ್ಕೆ ಮಾಡಿಕೊಂಡದ್ದು.

ಈಟಿಯ ವಿಚಾರದಲ್ಲಿ ಇತಿಹಾಸ ಆಟಕ್ಕೆ ತಿರುಗಿ ನಿಲ್ಲುತ್ತದೆ. ಅದೇ ಕೈಪಿಡಿ ಸಾವಿರ ಕಾಲಾಳುಗಳ ಪಡೆಯಲ್ಲಿ ನೂರು ಮಂದಿಗೆ ಮೆನಾವ್ಲಿಯಾನ್ ಎಂಬ ದಪ್ಪ ಈಟಿ ಕೊಡಬೇಕೆನ್ನುತ್ತದೆ. ಹಲಗೆಯಿಂದ ಸೀಳಿದ್ದಲ್ಲ, ಎಳೆಯ ಓಕ್ ಮರದ ಇಡೀ ಕಾಂಡ. ಶತ್ರುವಿನ ಕವಚಧಾರಿ ಕುದುರೆಗಳು ಬಂದಾಗ ಮುಂದೆ ನಿಂತು ತಡೆಯುವುದೇ ಅವರ ಕೆಲಸ. ಅಂದರೆ ಬೈಜಾಂಟೈನರಿಗೆ ತಮ್ಮ ಶ್ರೇಷ್ಠ ಆಯುಧಕ್ಕೆ ಮದ್ದು ಯಾವುದೆಂದು ಚೆನ್ನಾಗಿ ತಿಳಿದಿತ್ತು: ಅಲುಗದೆ ನಿಂತ ಕಾಲಾಳಿನ ಗಟ್ಟಿ ಈಟಿ. ಆಟವನ್ನು ಮಾಡಿದವರು ಇದನ್ನು ತಲೆಕೆಳಗು ಮಾಡಿದ್ದಾರೆ. ಆಟವಾಗಿ ಅದು ಸೊಗಸಾದ ನಿರ್ಧಾರ, ಕಲ್ಲು, ಕಾಗದ, ಕತ್ತರಿಯ ನಿಯಮಕ್ಕೆ ಒಂದು ಅಪವಾದ ಸಿಕ್ಕಿತು. ಇತಿಹಾಸವೆಂದು ನಂಬಬಾರದು ಅಷ್ಟೆ.

ಇನ್ನೊಂದು ಮದ್ದು ದಣಿವು. 272ರಲ್ಲಿ ಆಂಟಿಯಾಕ್ ಹತ್ತಿರದ ಇಮ್ಮೇಯಲ್ಲಿ ರೋಮನ್ ಚಕ್ರವರ್ತಿ ಔರೇಲಿಯನ್‌ಗೆ ಪಾಲ್ಮೈರಾದ ಕವಚಧಾರಿ ರಾವುತರು ಎದುರಾದರು. ಅವನು ತನ್ನ ಹಗುರ ಕುದುರೆಗಳಿಗೆ ಸೋತಂತೆ ಓಡಲು ಹೇಳಿದ. ಬಿಸಿಲಲ್ಲಿ ಬೆನ್ನಟ್ಟಿ ಬೆನ್ನಟ್ಟಿ ಕಬ್ಬಿಣ ಹೊತ್ತವರು ಸುಸ್ತಾದಾಗ ತಿರುಗಿಬಿದ್ದು ಕೆಡವಿದರು. ಆಟದ ಕುದುರೆಗೆ ದಣಿವೆಂಬುದಿಲ್ಲ.

ಪ್ರಶ್ನೆ: 2022ರಲ್ಲಿ ಬಂದ ‘ಡೈನಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆಯ ದ್ರವಿಡಿಯನ್ ಪಕ್ಷದಲ್ಲಿ ಆಡುತ್ತೇನೆ. ದಕ್ಷಿಣದವರಿಗೆ ಒಳ್ಳೆಯ ಕುದುರೆ ಕೊಡದೆ ಅನ್ಯಾಯ ಮಾಡಿದ್ದಾರೆ ಅನಿಸುತ್ತದೆ. ಕ್ಯಾಟಫ್ರ್ಯಾಕ್ಟ್ ಎದುರಾದರೆ ಏನು ಮಾಡಲಿ? (ಬಳ್ಳಾರಿ)

ಮೊದಲು ಆಟದ ಮಾತು. ನಿಮಗೆ ನೈಟ್ ಇಲ್ಲ, ನಿಮ್ಮ ಬಲ ಕಾಲಾಳು. ಉರುಮಿ ಸ್ವೋರ್ಡ್ಸ್‌ಮನ್ ಕೂಡ ಕಾಲಾಳೇ, ಆದ್ದರಿಂದ ಕ್ಯಾಟಫ್ರ್ಯಾಕ್ಟ್‌ಗೆ ನೀವು ಅಚ್ಚುಮೆಚ್ಚಿನ ಆಹಾರ. ವೂಟ್ಸ್ ಸ್ಟೀಲ್ ಸಂಶೋಧಿಸಿದ ಮೇಲೆ ನಿಮ್ಮ ಕಾಲಾಳಿನ ಏಟು ಅವರ 5 ಮೆಲೀ ಆರ್ಮರ್ ಲೆಕ್ಕಿಸದೆ ಒಳಹೋಗುತ್ತದೆ ನಿಜ, ಆದರೂ ಬೀಳುವವರು ನೀವೇ ಹೆಚ್ಚು. ಆರ್ಬಲೆಸ್ಟರ್ ಮತ್ತು ಎಲಿಫೆಂಟ್ ಆರ್ಚರ್ ಮುಂದಿಟ್ಟು ಬಾಣದಲ್ಲೇ ಯುದ್ಧ ಮುಗಿಸಿ.

ಅನ್ಯಾಯದ ಮಾತಿಗೆ ಬಂದರೆ, ಇಲ್ಲಿ ಆಟ ಇತಿಹಾಸಕ್ಕೆ ಬಹಳ ಹತ್ತಿರವಿದೆ. ದಕ್ಷಿಣದ ಹವೆಯಲ್ಲಿ ಯುದ್ಧದ ಕುದುರೆ ಚೆನ್ನಾಗಿ ಬೆಳೆಯಲಿಲ್ಲ, ಕಡಲ ಮೇಲೆ ತರಿಸಬೇಕಾಯಿತು. ವಿಜಯನಗರಕ್ಕೆ ಅರಬ್ ದೇಶದಿಂದ, ಹೋರ್ಮುಜ್‌ನಿಂದ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳಿಗೆ ಇಳಿಯುತ್ತಿದ್ದವು. ವಿಜಯನಗರದ ಅರಸ ಸಾಳುವ ನರಸಿಂಹ ಸಾವಿರ ಪರ್ದಾವಿಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದ, ದಾರಿಯಲ್ಲಿ ಸಮುದ್ರದ ಮೇಲೆ ಸತ್ತದ್ದರ ಬಾಲ ತಂದು ತೋರಿಸಿದರೂ ಬದುಕಿದ್ದಕ್ಕೆ ಕೊಟ್ಟಷ್ಟೇ ಹಣ ಕೊಡುತ್ತಿದ್ದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಸ್ ಬರೆದಿಟ್ಟಿದ್ದಾನೆ. ವ್ಯಾಪಾರಿಗಳು ಹೆದರಿ ಬರುವುದು ನಿಲ್ಲಿಸಬಾರದಲ್ಲ, ಅದಕ್ಕೆ. ಕುದುರೆ ಇದ್ದ ಕಡೆಯವರು ಅಶ್ವಪತಿಗಳಾದರು, ಆನೆ ಇದ್ದವರು ಗಜಪತಿಗಳಾದರು, ವಿಜಯನಗರದವರು ನರಪತಿಗಳೆನಿಸಿಕೊಂಡರು. ದ್ರವಿಡಿಯನ್ ಪಕ್ಷದ ಕಾಲಾಳುಗಳನ್ನು ಆ ಹೆಸರಿನ ಬೆಳಕಿನಲ್ಲಿ ನೋಡಿದರೆ ಲಾಯ ಯಾಕೆ ಅಷ್ಟು ಬಡವಾಗಿದೆ ಎಂಬುದು ಸರಿಯಾಗಿ ಕಾಣುತ್ತದೆ.